ಒಪ್ಪದವರ ಕಾವಲು

ನನ್ನ ಎದೆಯಲ್ಲಿ ಗಂಟು ಇದೆ ಎಂದು ಮೊದಲು ಕಂಡುಹಿಡಿದದ್ದು ನನ್ನ ಮಗಳ ತಲೆ. ಮೂರೂವರೆ ವರ್ಷದ ಸಿರಿಗೆ ನಾನು ಸಂಜೆ ಶಾಲೆಯಿಂದ ಬಂದ ಕೂಡಲೇ ಓಡಿಬಂದು ಎದೆಗೆ ಡಿಕ್ಕಿ ಹೊಡೆಯುವ ಚಟ. ಆ ದಿನವೂ ಹೊಡೆದಳು. ಕಣ್ಣಲ್ಲಿ ನೀರು ಬರುವಷ್ಟು ನೋವಾಯಿತು. ಸೀರೆಯ ಮೇಲಿಂದಲೇ ಮುಟ್ಟಿ ನೋಡಿಕೊಂಡೆ. ಎಡಗಡೆ, ಇಂಡಿ ಲಿಂಬೆಹಣ್ಣಿನಷ್ಟು ದೊಡ್ಡದು, ಗಟ್ಟಿಯಾಗಿ ಬೆಚ್ಚಗೆ ಕೂತಿತ್ತು. ಮಗಳನ್ನು ಬೈದೆ. ಅವಳು ಅತ್ತಳು. ಆಮೇಲೆ ಬಚ್ಚಲುಮನೆಗೆ ಹೋಗಿ ನಾನೂ ಅತ್ತೆ.

ನಾನು ಬಸವನ ಬಾಗೇವಾಡಿಯ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ತವರು ಸಿಂದಗಿ ತಾಲ್ಲೂಕಿನ ಮೋರಟಗಿ. ಗಂಡನ ಊರು ಮುದ್ದೇಬಿಹಾಳ ತಾಲ್ಲೂಕಿನಲ್ಲಿ, ತಂಗಡಗಿಗೆ ಹತ್ತಿರ, ಕೃಷ್ಣೆಯ ದಂಡೆಯ ಒಂದು ಹಳ್ಳಿ. ಗಂಡ ಈರಣ್ಣ ಲೈನ್‌ಮನ್. ಎಂಥ ಗಾಳಿಯಲ್ಲೂ ಕಂಬ ಹತ್ತುವ ಮನುಷ್ಯ, ಒಂದು ಹನಿ ರಕ್ತ ಕಂಡರೆ ಮಾತ್ರ ಕೂತಲ್ಲೇ ಬೆವರುತ್ತಾರೆ. ಇನ್ನು ನನ್ನ ಸ್ವಭಾವವನ್ನೂ ಹೇಳಿಬಿಡಬೇಕು. ಉತ್ತರ ಸರಿ ಬಂದರೂ ನಡುವಿನ ಹಂತ ಬರೆಯದಿದ್ದರೆ ಮಕ್ಕಳಿಗೆ ಪೂರ್ತಿ ಅಂಕ ಕೊಡದವಳು ನಾನು. 'ಎಲ್ಲರೂ ಹೀಗೇ ಮಾಡ್ಯಾರ್ರಿ ಟೀಚರ್' ಎಂದು ಯಾರಾದರೂ ಹೇಳಿದರೆ ಅವರ ಕಥೆ ಮುಗಿಯಿತು. ಎಲ್ಲರೂ ಹೇಳಿದ್ದು ಪುರಾವೆಯಲ್ಲ, ಸಾಧಿಸಿ ತೋರಿಸಿದ್ದು ಪುರಾವೆ ಎಂದು ಹದಿನಾಲ್ಕು ವರ್ಷ ಮಕ್ಕಳ ತಲೆ ತಿಂದಿದ್ದೇನೆ.

ಮೊದಲ ಎರಡು ತಿಂಗಳಲ್ಲಿ ಮೂವರು ವೈದ್ಯರನ್ನು ಕಂಡೆ. ಊರು, ಹೆಸರು ಬೇಡ. ಎಲ್ಲರೂ ತಮಗೆ ತಿಳಿದದ್ದನ್ನೇ ಮಾಡಿದರು. ಮೊದಲನೆಯವರು ಹಾಲು ಕಟ್ಟಿಕೊಂಡಿದೆ ಎಂದರು. ಮಗಳು ಹಾಲು ಬಿಟ್ಟು ಒಂದೂವರೆ ವರ್ಷವಾಗಿತ್ತು. ಆದರೂ ಅವರು ಕೊಟ್ಟ ಗುಳಿಗೆ ನುಂಗಿದೆ. ಎರಡನೆಯವರು ಸೂಜಿ ಹಾಕಿ ಗಂಟಿನ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಉತ್ತರ ಬರಲು ಹತ್ತು ದಿನ. ಆ ಹತ್ತು ದಿನ ನಾನು ಒಂಬತ್ತನೇ ತರಗತಿಗೆ ತ್ರಿಭುಜ ಕಲಿಸುತ್ತಿದ್ದೆ. ಬೋರ್ಡಿಗೆ ಮುಖ ಮಾಡಿ ನಿಂತಾಗ ಸಿರಿಯ ಮದುವೆಯಲ್ಲಿ ನಾನಿರುವುದಿಲ್ಲ ಎಂಬ ಚಿತ್ರ ಬರುತ್ತಿತ್ತು. ಮಕ್ಕಳ ಕಡೆ ತಿರುಗಿದರೆ ಹೋಗುತ್ತಿತ್ತು. ಹಾಗಾಗಿ ಆ ವಾರ ಬೋರ್ಡಿನ ಮೇಲೆ ಕಡಿಮೆ ಬರೆದೆ.

ಕ್ಯಾನ್ಸರ್ ಅಲ್ಲ ಎಂದು ಬಂತು. ಅತ್ತೆ ಹೋಳಿಗೆ ಮಾಡಿದರು. ನಾಲ್ಕನೇ ದಿನಕ್ಕೆ ಎದೆಯ ಚರ್ಮ ಕೆಂಪಾಗಿ ಒಡೆದು ಕೀವು ಸುರಿಯಿತು. ಕ್ಯಾನ್ಸರ್ ಅಲ್ಲದಿದ್ದರೆ ಇದು ಏನು? ಕಾರಣ ತಿಳಿಯದ ಉರಿಯೂತ ಎಂದಷ್ಟೇ ಬರೆದಿದ್ದ ಅದೇ ಪರೀಕ್ಷೆಯ ಕಾಗದ ಹಿಡಿದುಕೊಂಡು ಎರಡನೆಯ ವೈದ್ಯರು, ಟಿ.ಬಿ. ಇರಬಹುದು, ಆರು ತಿಂಗಳ ಗುಳಿಗೆ ಶುರು ಮಾಡೋಣ ಎಂದರು. ಟಿ.ಬಿ. ಪರೀಕ್ಷೆಯಲ್ಲಿ ಏನೂ ಬಂದಿರಲಿಲ್ಲ. ಮೂರನೆಯವರು ಅದೇ ಕಾಗದ ನೋಡಿ, "ಎದಿ ಪೂರ್ತಿ ತಗದ ಬಿಡೂಣ್ರಿ, ಕಿರಿಕಿರಿ ಹೋಕ್ಕೈತಿ" ಎಂದರು. ತಂತಿಗೆ ತಾಗುವ ಬೇವಿನ ಟೊಂಗೆ ಕಡಿಯುವ ಮೊದಲು ನನ್ನ ಗಂಡ ಇದಕ್ಕಿಂತ ಹೆಚ್ಚು ಯೋಚನೆ ಮಾಡುತ್ತಾರೆ. ಕೇಳಿದ್ದಕ್ಕೆ, ಇಂಥ ಗಂಟು ಯಾಕೆ ಬರುತ್ತದೆಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ, ಬಿಟ್ಟರೆ ಮತ್ತೆ ಹೊಳ್ಳಿ ಹೊಳ್ಳಿ ಒಡೆಯುತ್ತದೆ ಎಂದರು. ಎರಡು ವಾರದ ನಂತರದ ಸೋಮವಾರ ಆಪರೇಷನ್ ಎಂದು ಬರೆದುಕೊಟ್ಟರು.

ಗಂಡನ ಊರಿನ ಮನೆಯಲ್ಲಿ ಎಲ್ಲರೂ ಕೂಡಿದಾಗ ತಲೆಗೊಂದು ಮಾತು. ಮೋರಟಗಿಯಿಂದ ಬಂದ ಅವ್ವ ನನ್ನ ಮುಖ ನೋಡಿದಾಗೆಲ್ಲ ಸೆರಗು ಕಣ್ಣಿಗೊತ್ತಿಕೊಂಡಳು. ಅತ್ತೆ ಗಟ್ಟಿ ಹೆಂಗಸು. "ಜೀವಕ್ಕಿಂತ ಹೆಚ್ಚಿಂದ ಏನೈತಿ? ತಗಿಸಿ ಬಿಡವಾ. ಈ ಮನ್ಯಾಗ ಹರೇದ ಹೆಣಮಗಳು ಹೋಗೂದು ಇನ್ನ ಬ್ಯಾಡ. ಗಂಗಕ್ಕ ಹೊಟ್ಟಿಬ್ಯಾನಿ ಬಂದು ಹೋದದ್ದ ಸಾಕು" ಎಂದರು. ಗಂಗಕ್ಕ ನನ್ನ ಮಾವನ ಅಕ್ಕ. ಅತ್ತೆ ಈ ಮನೆಗೆ ಸೊಸೆಯಾಗಿ ಬರುವ ಮೊದಲೇ ತೀರಿಕೊಂಡವರು. ಪಡಸಾಲೆಯಲ್ಲಿ ಕೂತಿದ್ದ ಮಾವ ಆ ಹೆಸರು ಕೇಳಿ ಎದ್ದು ದನದ ಕಡೆ ಹೋದರು. ಈರಣ್ಣ ಮಾತ್ರ, "ನೀ ಹ್ಯಾಂಗ ಅಂತಿ ಹಂಗ" ಎಂದರು. ಅದು ಪ್ರೀತಿಯ ಮಾತೇ. ಆದರೆ ಆ ಹೊತ್ತಿಗೆ ನನಗೆ ಬೇಕಾಗಿದ್ದದ್ದು ಯಾರಾದರೂ ಹೀಗೆ ಮಾಡು ಎಂದು ಹೇಳುವುದು. ನಾನು ನನ್ನ ಎದೆಯನ್ನು ಉಳಿಸಿಕೊಳ್ಳಬೇಕೆಂದು ಬಯಸುತ್ತಿದ್ದೆ. ಬಯಸುವುದಕ್ಕೆ ನಾಚಿಕೆಯೂ ಆಗುತ್ತಿತ್ತು, ಜೀವಕ್ಕಿಂತ ಅದು ಹೆಚ್ಚೇ ಎಂದು. ಅದೇ ಹೊತ್ತಿಗೆ, ಉಳಿಸಿಕೊಳ್ಳಲು ಹೋಗಿ ಒಳಗೇನಾದರೂ ಬೆಳೆದರೆ ಎಂಬ ಹೆದರಿಕೆ.

ನಮ್ಮ ಶಾಲೆಯ ವಿಜ್ಞಾನದ ಟೀಚರ್ ಇಂಡಿಯವರು. ಅವರೇ ಜುಲುಮೆ ಮಾಡಿ ವಿಜಯಪುರದ ಒಂದು ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿನ ಕಾಯುವ ಕೋಣೆಯಲ್ಲಿ ಸಾಲಾಗಿ ಉಕ್ಕಿನ ಕುರ್ಚಿಗಳು, ಎಲ್ಲ ಹೆಂಗಸರೂ ಸೆರಗನ್ನು ಎರಡು ಸುತ್ತು ಹೊದ್ದವರೇ. ಒಬ್ಬರಿಗೊಬ್ಬರು ಮುಖ ನೋಡುತ್ತೇವೆ, ಕಣ್ಣು ತಾನಾಗಿ ಕೆಳಗಿಳಿಯುತ್ತದೆ, ಯಾವ ಕಡೆ ಇರಬಹುದು ಎಂದು ಹುಡುಕುತ್ತದೆ, ನಾಚಿ ಗೋಡೆಗೆ ಹೋಗುತ್ತದೆ. ಪಕ್ಕದಲ್ಲಿ ಕೂತಿದ್ದ ಸಿಂದಗಿ ಕಡೆಯ ಹೆಂಗಸು ಮಧ್ಯಾಹ್ನಕ್ಕೆ ಬುತ್ತಿ ಬಿಚ್ಚಿ, ಏನೂ ಕೇಳದೆ ಒಂದು ರೊಟ್ಟಿಯ ಮೇಲೆ ಶೇಂಗಾಚಟ್ನಿ ಹಾಕಿ ನನ್ನ ಕೈಗಿಟ್ಟಳು. "ಉಣ್ರಿ ಅಕ್ಕೋರ. ಅಂಜಿಕಿ ಖಾಲಿ ಹೊಟ್ಟಿಗಿ ಭಾಳ ಹತ್ತತೈತಿ" ಎಂದಳು. ನಾನು ಟೀಚರ್ ಎಂದು ಅವಳಿಗೆ ಹೇಗೆ ತಿಳಿಯಿತೋ. ಆ ರೊಟ್ಟಿ ತಿಂದದ್ದು ಇವತ್ತಿಗೂ ನೆನಪಿದೆ.

ಅಲ್ಲಿನ ಹಿರಿಯ ವೈದ್ಯೆಗೆ ಅರವತ್ತರ ಹತ್ತಿರ. ಮುಟ್ಟುವ ಮೊದಲು ಎರಡೂ ಅಂಗೈ ತಿಕ್ಕಿ ಬೆಚ್ಚಗೆ ಮಾಡಿಕೊಂಡರು. ಮೂವರೂ ಅದುಮಿ ನೋಡಿದ್ದ ಜಾಗವನ್ನು ಇವರು ಸುತ್ತಲಿಂದ ಬಳಸಿ ನೋಡಿದರು. ಕಾಗದಗಳನ್ನೆಲ್ಲ ಎರಡು ಸಲ ಓದಿದರು. ಇಂಥ ಕೆಲವು ಗಂಟುಗಳನ್ನು ನಾವು ಕಂಡಿದ್ದೇವೆ, ಕತ್ತರಿಸಬೇಕಾಗಿಲ್ಲ, ಎಷ್ಟೋ ಜನರಲ್ಲಿ ತಾನೇ ಆರುತ್ತದೆ, ಆದರೆ ತಿಂಗಳುಗಟ್ಟಲೆ ಕಾಯಬೇಕು ಎಂದರು.

"ಇದಕ್ಕ ಪುರಾವೆ ಏನ್ರಿ?" ಎಂದೆ. ಧ್ವನಿ ನಾನು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿಯೇ ಬಂತು.

ಅವರಿಗೆ ಸಿಟ್ಟು ಬರಲಿಲ್ಲ. ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿ, ವೈದ್ಯರು ಪಾಲಿಸುವ ಸಲಹೆಗಳ ಪಟ್ಟಿ ತೋರಿಸಿದರು. ಪ್ರತಿ ಸಲಹೆಯ ಮುಂದೆ, ಅದಕ್ಕೆ ಎಷ್ಟು ಗಟ್ಟಿ ಆಧಾರವಿದೆ ಎಂದೂ ಬರೆದಿರುತ್ತದಂತೆ. ನನ್ನ ಕಾಯಿಲೆಯ ಮುಂದೆ ಇದ್ದದ್ದು: ತಜ್ಞರ ಒಮ್ಮತದ ಅಭಿಪ್ರಾಯ.

"ಅಂದ್ರ, ಯಾರೂ ಸಾಧಿಸಿ ತೋರಿಸಿಲ್ಲ. ಎಲ್ಲಾರೂ ಕೂಡಿ ಹಿಂಗ ಅಂದಾರ, ಅಷ್ಟ" ಎಂದೆ.

"ಹೌದ್ರಿ ಟೀಚರ್, ಅಷ್ಟ. ಭಾಳ ಮಂದಿಗೆ ಬರೂ ಬ್ಯಾನಿ ಆಗಿದ್ರ ಸಾವಿರ ಮಂದೀನ್ನ ಎರಡು ಪಾಲು ಮಾಡಿ, ಇವರಿಗಿದು ಅವರಿಗದು ಕೊಟ್ಟು ನೋಡಬಹುದಿತ್ತು. ಇದು ವಿರಳ. ಕಂಡವರು, ಕೈಯಾರೆ ಉಪಚಾರ ಮಾಡಿದವರು ಒಂದ ಕಡೆ ಕುಂತು, ನಾ ಕಂಡದ್ದು ಹಿಂಗ, ನೀ ಕಂಡದ್ದು ಹ್ಯಾಂಗ ಅಂತ ಹೊಂದಿಸಿ ನೋಡ್ಯಾರ. ಲೆಕ್ಕ ಎರಡೂ ಕಡೆ ಸಮ ಆಗೂತನಕ ನೀವು ಕಾಯಬಹುದು. ನಿಮ್ಮ ಎದಿಯಾಗಿನ ಕೀವು ಕಾಯಂಗಿಲ್ಲ."

ಉತ್ತರ ಚೆನ್ನಾಗಿತ್ತು. ನನಗೆ ಸಮಾಧಾನವಾಗಲಿಲ್ಲ. ಅವರೇ ಮುಂದುವರಿದು, ತಾವು ಒಬ್ಬರೇ ನಿರ್ಣಯ ಮಾಡುವುದಿಲ್ಲ, ಬರುವ ಬುಧವಾರ ಆರು ಮಂದಿ ವೈದ್ಯರು ಕೂಡಿ ನನ್ನ ವಿಷಯ ಚರ್ಚಿಸುತ್ತಾರೆ, ಗುರುವಾರ ಬನ್ನಿ ಎಂದರು. ಆಪರೇಷನ್ ಗೊತ್ತಾಗಿದ್ದದ್ದು ಅದರ ಮುಂದಿನ ಸೋಮವಾರಕ್ಕೆ.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಊರಲ್ಲಿ ಜಗಳ ಬಿದ್ದರೆ ನಾಲ್ಕೈದು ಮಂದಿ ಹಿರಿಯರು ಕಟ್ಟೆಯ ಮೇಲೆ ಕೂತು ಬಗೆಹರಿಸುತ್ತಾರೆ. ಅದಕ್ಕೆ 'ದೈವ ಕೂಡುವುದು' ಎನ್ನುತ್ತೇವೆ. ನ್ಯಾಯ ಕೇಳುವವರು ದೈವದ ಮುಂದೆ ಎಲೆ-ಅಡಿಕೆ ಇಡಬೇಕು, ತಮ್ಮ ಕಡೆಯಿಂದ ತಿಳಿದವರು ಇಬ್ಬರನ್ನು ಕೂರಿಸಬೇಕು. ನನ್ನ ಮಾವ ಸಂಗಪ್ಪ ಮೂವತ್ತು ವರ್ಷದಿಂದ ನಮ್ಮೂರ ದೈವದಲ್ಲಿ ಕೂಡುವವರು. ವಿಜಯಪುರದಲ್ಲಿ ಆರು ಮಂದಿ ಡಾಕ್ಟರು ಕೂಡುತ್ತಾರೆಂದು ಮಗನ ಬಾಯಲ್ಲಿ ಕೇಳಿದ್ದೇ ತಡ, ಅವರು ಹೊರಟು ನಿಂತರು.

"ದೈವ ಕೂಡತೈತಿ ಅಂದ ಮ್ಯಾಲ ನಮ್ಮ ಕಡಿಯವರು ಯಾರೂ ಇಲ್ಲಂದ್ರ ಹ್ಯಾಂಗ?"

ಅದು ಹಾಗಲ್ಲ, ಅಲ್ಲಿ ಹೊರಗಿನವರನ್ನು ಬಿಡುವುದಿಲ್ಲ ಎಂದು ಈರಣ್ಣ ಹೇಳಿ ಸೋತರು. ಬುಧವಾರ ಬೆಳಿಗ್ಗೆ ಮಾವ, ಅವರ ಗೆಳೆಯ ಭೀಮಪ್ಪ ಕಾಕಾ ಇಬ್ಬರೂ ಇಸ್ತ್ರಿ ಮಾಡಿದ ಧೋತರ, ತಲೆಗೆ ರುಮಾಲು ಸುತ್ತಿ ಬಾಗೇವಾಡಿಯ ನಮ್ಮ ಮನೆ ಬಾಗಿಲಿಗೆ ಬಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ನನ್ನ ಕಾಯಿಲೆ ಎಲ್ಲಿದೆಯೆಂದು ಮಾವ ಒಂದು ದಿನವೂ ಬಾಯಿಬಿಟ್ಟು ಕೇಳಿರಲಿಲ್ಲ. ನಮ್ಮ ಮನೆಗಳಲ್ಲಿ ಮಾವ ಸೊಸೆಗೆ ಕೇಳುವ ಮಾತೂ ಅಲ್ಲ ಅದು. 'ಮೈಯಾಗ ಆರಾಮಿಲ್ಲ' ಎನ್ನುವುದರಲ್ಲೇ ಎಲ್ಲ ಮುಗಿಸುತ್ತಿದ್ದರು. ಭೀಮಪ್ಪ ಕಾಕಾಗಂತೂ ಅಷ್ಟೂ ಗೊತ್ತಿರಲಿಲ್ಲ. ಯಾವ ನ್ಯಾಯವೆಂದು ತಿಳಿಯದೆಯೇ ನ್ಯಾಯಕ್ಕೆ ಹೊರಟಿದ್ದರು.

ವೈದ್ಯರ ಸಭೆ ಮುಚ್ಚಿದ ಬಾಗಿಲ ಹಿಂದೆ ನಡೆಯಿತು. ಇಬ್ಬರೂ ಹೊರಗಿನ ಬೆಂಚಿನ ಮೇಲೆ ನೆಟ್ಟಗೆ ಕೂತರು. ಚಹಾ ಬೇಕೇ ಎಂದರೆ ಬೇಡ ಎಂದರು. ದೈವ ನಡೆಯುವಾಗ ಏನೂ ತಿನ್ನಬಾರದಂತೆ. ಒಂದು ತಾಸಿನ ಮೇಲೆ ಹಿರಿಯ ವೈದ್ಯೆ ಹೊರಬಂದು, ನಾಳೆ ಬರಬೇಕಾದವರು ಇವತ್ತೇ ಪರಿವಾರ ಸಮೇತ ಕೂತಿರುವುದನ್ನು ಕಂಡು ನಿಂತರು. ನಾನು ಕ್ಷಮಿಸಿ ಎನ್ನುವಷ್ಟರಲ್ಲಿ ನಕ್ಕು, ಎಲ್ಲರನ್ನೂ ಕೋಣೆಗೆ ಕರೆದರು.

ಮಾವ ಮೊದಲು ಮಾಡಿದ ಕೆಲಸವೆಂದರೆ ಚೀಲದಿಂದ ಎಲೆ-ಅಡಿಕೆ ತೆಗೆದು ಮೇಜಿನ ಮೇಲಿಟ್ಟು ಕೈಮುಗಿದದ್ದು. ಅವರ ತಲೆಯ ಮೇಲಿನ ಗೋಡೆಯಲ್ಲಿ, ತಂಬಾಕು ಅಡಿಕೆ ಜಗಿದರೆ ಬಾಯಿಯ ಗತಿ ಏನಾಗುತ್ತದೆಂದು ತೋರಿಸುವ ದೊಡ್ಡ ಚಿತ್ರವಿತ್ತು. ವೈದ್ಯೆ ಚಿತ್ರವನ್ನೂ ನೋಡಿದರು, ಮಾವನನ್ನೂ ನೋಡಿದರು. "ಎಲಿ ನಾ ತಗೋತೇನ್ರಿ ಹಿರ್ಯಾರ. ಅಡಿಕಿ ನೀವ ಒಯ್ರಿ, ಆದ್ರ ತಿನ್ನಬ್ಯಾಡ್ರಿ" ಎಂದು ಒಂದು ಎಲೆ ಎತ್ತಿಕೊಂಡರು. ನನಗೆ ಎರಡು ತಿಂಗಳ ಮೇಲೆ ಮೊದಲ ಸಲ ನಗು ಬಂತು.

ಆಮೇಲೆ ನಿರ್ಣಯ ಹೇಳಿದರು. ಆಪರೇಷನ್ ಬೇಡ. ಟಿ.ಬಿ. ಗುಳಿಗೆಯೂ ಈಗ ಬೇಡ. ದಿನಾ ಗಾಯ ತೊಳೆದು ಪಟ್ಟಿ ಕಟ್ಟಬೇಕು, ಆರು ವಾರ ಕಾಯಬೇಕು. ಹಿರಿಯರಿಬ್ಬರಿಗೆ ಮುಜುಗರವಾಗದಂತೆ 'ಆ ಜಾಗ', 'ಆ ಗಂಟು' ಎಂದೇ ಹೇಳಿದರು. ಮಾವ ಕ್ಯಾಲೆಂಡರ್ ನೋಡುತ್ತ ಕೇಳಿಸಿಕೊಂಡರು. ಮುಗಿದ ಮೇಲೆ ಕೇಳಿದರು:

"ಬಾಯಾರ, ತಪ್ಪ ತಿಳಕೋಬ್ಯಾಡ್ರಿ. ಆರು ಮಂದ್ಯಾಗ ಯಾರು ಒಪ್ಪಲಿಲ್ಲ?"

ವೈದ್ಯೆ ಕನ್ನಡಕ ತೆಗೆದರು.

"ಹಿಂಗ ಯಾರೂ ಕೇಳೂದಿಲ್ರಿ" ಎಂದರು. "ಒಬ್ಬಾಕಿ ಒಪ್ಪಲಿಲ್ಲ. ಡಾಕ್ಟರ್ ವೀಣಾ ಅಂತ, ಸಣ್ಣ ವಯಸ್ಸಿನಾಕಿ. ಒಂದ ಜಾಗದ ಒಂದ ಚೂರು ನೋಡಿ ಅಷ್ಟ ದಿವಸ ಸುಮ್ನ ಕುಂದರೂದು ಸರಿ ಅಲ್ಲ ಅಂದ್ಲು. ನಮ್ಮ ಭಾಗದಾಗ ಟಿ.ಬಿ. ಭಾಳ. ನಾಕ ವಾರಕ್ಕ ಹೊಳ್ಳಿ ಸೂಜಿ ಹಾಕಿ ನೋಡಬೇಕು ಅನ್ನೂದು ಆಕಿ ಮಾತು. ಉಳಿದವರು ಇಷ್ಟು ಸಾಕು ಅಂದ್ರು."

ಪುರಾವೆಯಂತೂ ಇಲ್ಲ, ಇದ್ದ ಒಮ್ಮತದಲ್ಲೂ ಒಂದು ಬಿರುಕು. ಹಾಗಾದರೆ ಇವರು ಕೊಡುತ್ತಿರುವುದು ಏನು? ಸೋಮವಾರದ ಆಪರೇಷನ್ನೇ ವಾಸಿ, ಅದರಲ್ಲಿ ಗೊಂದಲವಾದರೂ ಇಲ್ಲ ಎಂದು ಎದ್ದು ಹೋಗುವ ಮನಸ್ಸಾಯಿತು. ಮಾವನ ಮುಖದಲ್ಲಿ ಮಾತ್ರ ಗೆಲುವಿತ್ತು.

"ಹಂಗಾರ ನಮ್ಮ ಸೊಸಿನ್ನ ಆ ಬಾಯಾರ ಕೈಯಾಗ ಕೊಡ್ರಿ" ಎಂದರು.

ವೈದ್ಯೆಗೆ ಅರ್ಥವಾಗಲಿಲ್ಲ. ಭೀಮಪ್ಪ ಕಾಕಾ ಗಂಟಲು ಸರಿಮಾಡಿಕೊಂಡು ವಿವರಿಸಿದರು. "ನಮ್ಮೂರಾಗ ಹಂಗ್ರಿ. ದೈವದಾಗ ಯಾರು ಒಪ್ಪಂಗಿಲ್ಲ, ಅವರನ್ನ ನಿರ್ಣಯಕ್ಕ ಕಾವಲ ಹಾಕ್ತೇವಿ. ಹೋದ ವರ್ಷ ಅಣ್ಣತಮ್ಮರ ಹೊಲದ ನಡುವ ಬಂಡಿದಾರಿ ನ್ಯಾಯ ಬಂತು. ನಾಕ ಮಂದಿ ಮೂಡಣದಂಡಿಗಿ ದಾರಿ ಬಿಡ್ರಿ ಅಂದ್ರು. ನಾ ಒಬ್ಬಾವ, ಅಲ್ಲಿ ನೀರ ನಿಂದರತೈತಿ ಅಂದೆ. ನಿರ್ಣಯ ಅವರದ ಆತು. ಕಾವಲು ನಂದು. ಮಳಿ ಆದಾಗೊಮ್ಮೆ ಹೋಗಿ ನೋಡೂದು, ನೀರ ನಿಂತ್ರ ದೈವ ಹೊಳ್ಳಿ ಕೂಡಸೂದು."

"ನಿಂತಿತ್ತೇನ್ರಿ ನೀರು?" ಎಂದು ವೈದ್ಯೆ ಕುತೂಹಲದಿಂದ ಕೇಳಿದರು.

"ಇಲ್ರಿ" ಎಂದರು ಕಾಕಾ, ಸ್ವಲ್ಪ ಬೇಸರದಿಂದಲೇ. "ಆದ್ರ ಏಳ ಸಲ ಹೋಗಿ ನೋಡೇನಿ."

ವೈದ್ಯೆ ನಗಲಿಲ್ಲ. ಎಲೆಯನ್ನು ಬೆರಳಲ್ಲಿ ತಿರುಗಿಸುತ್ತ ಕೂತಿದ್ದು, ಫೋನ್ ಎತ್ತಿ ಡಾಕ್ಟರ್ ವೀಣಾ ಅವರನ್ನು ಕರೆಸಿದರು. ಬಂದವರು ನನಗಿಂತ ಚಿಕ್ಕವರು, ಓಡಿಬಂದು ಉಸಿರು ಬಿಡುತ್ತಿದ್ದರು. ಇವರು ಇನ್ನು ಮೇಲೆ ನಿಮ್ಮ ಪೇಷಂಟ್, ಆರು ವಾರವಲ್ಲ, ನಾಲ್ಕು ವಾರಕ್ಕೊಮ್ಮೆ ನೋಡಿ, ಅಳತೆ ಬರೆದಿಡಿ, ಏನಾದರೂ ಅನುಮಾನ ಬಂದರೆ ನನ್ನ ಒಪ್ಪಿಗೆಗೆ ಕಾಯದೆ ಸೂಜಿ ಹಾಕಿ ಎಂದರು ಹಿರಿಯ ವೈದ್ಯೆ.

ಹೊರಗೆ ಬಂದ ಮೇಲೆ ನಾನು ಸಿಟ್ಟಿನಲ್ಲಿ, "ಎಲ್ಲಾರೂ ಒಪ್ಪಿದ್ರ ಛಲೋ ಇತ್ರಿ ಮಾವಾರ" ಎಂದೆ.

"ಆರೂ ಮಂದಿ ಹೂಂ ಅಂದಿದ್ರ ನಾನ ನಿನ್ನ ಎಬ್ಬಿಸಿಕೊಂಡು ಹೊಂಟ ಬಿಡತಿದ್ದೆ ತಂಗಿ" ಎಂದರು ಮಾವ. "ಒಪ್ಪಿದಾಂವ ಮನಿಗಿ ಹೋಗಿ ಮಕ್ಕೊಂತಾನ. ಒಪ್ಪದಾಂವ ಹೊಳ್ಳಿ ಹೊಳ್ಳಿ ನೋಡತಾನ."

ಸೋಮವಾರ ನಾನು ಆಪರೇಷನ್‌ಗೆ ಹೋಗಲಿಲ್ಲ, ಶಾಲೆಗೆ ಹೋದೆ.

ಕಾಯುವುದು ಔಷಧವೆಂದು ಯಾರೂ ನಂಬುವುದಿಲ್ಲ. ಗುಳಿಗೆ ತಿಂದರೆ ಏನೋ ಮಾಡಿದೆವು ಅನಿಸುತ್ತದೆ, ಕೊಯ್ಸಿಕೊಂಡರೆ ಇನ್ನೂ ದೊಡ್ಡದನ್ನು ಮಾಡಿದೆವು ಅನಿಸುತ್ತದೆ. ಕಾಯುವವಳನ್ನು ಜನ ಸೋಮಾರಿಯಂತೆ ನೋಡುತ್ತಾರೆ. ಓಣಿಯವರು, "ಇನ್ನಾ ತಗಿಸಿಲ್ಲೇನ್ರಿ?" ಎಂದು, ಹಲ್ಲು ಕೀಳಿಸುವ ವಿಷಯವೆಂಬಂತೆ ಕೇಳುತ್ತಿದ್ದರು. ಅತ್ತೆ ಉಪ್ಪು ನಿವಾಳಿಸಿ ಒಲೆಗೆ ಹಾಕಿದರು. ಅದು ಚಟಪಟ ಎಂದಷ್ಟು ಅವರಿಗೆ ಸಮಾಧಾನ. ನನ್ನ ಗಂಡ, ರಕ್ತ ಕಂಡರೆ ಬೆವರುವ ಮನುಷ್ಯ, ದಿನಾ ಬೆಳಿಗ್ಗೆ ಪಟ್ಟಿ ಬಿಚ್ಚಿ ಗಾಯ ತೊಳೆಯಲು ಕಲಿತರು. ಮೊದಲ ವಾರ ಕಣ್ಣು ಅರ್ಧ ಮುಚ್ಚಿಕೊಂಡು ತೊಳೆಯುತ್ತಿದ್ದರು. ಎರಡನೇ ವಾರದಿಂದ ಕಂಬದ ಮೇಲಿನ ತಂತಿಯ ಹಾಗೆ ಇಲ್ಲಿ ಸುಟ್ಟಿದೆ, ಇಲ್ಲಿ ಸರಿಯಿದೆ ಎಂದು ವರದಿ ಕೊಡತೊಡಗಿದರು. ಮದುವೆಯಾಗಿ ಒಂಬತ್ತು ವರ್ಷದಲ್ಲಿ ಅವರು ನನ್ನನ್ನು ಅಷ್ಟು ಮೆತ್ತಗೆ ಎಂದೂ ಮುಟ್ಟಿರಲಿಲ್ಲ. ಸಿರಿಗೆ ಡಿಕ್ಕಿ ಹೊಡೆಯಬಾರದೆಂದು ಹೇಳಿದ್ದೆ. ಅವಳು ಓಡಿಬಂದು, ಒಂದು ಮೊಳ ದೂರದಲ್ಲಿ ಗಕ್ಕನೆ ನಿಂತು, ಬಲಗಡೆ ಯಾವುದು ಎಂದು ಲೆಕ್ಕ ಹಾಕಿ ಆ ಕಡೆ ನಿಧಾನ ಒರಗುತ್ತಿದ್ದಳು. ಅದನ್ನು ನೋಡಿದಾಗ ಮಾತ್ರ ನನಗೆ ತಡೆಯಲಾಗುತ್ತಿರಲಿಲ್ಲ.

ನಾಲ್ಕು ವಾರಕ್ಕೊಮ್ಮೆ ವಿಜಯಪುರ. ವೀಣಾ ಡಾಕ್ಟರು ಸ್ಕ್ಯಾನ್ ಯಂತ್ರದಲ್ಲಿ ಗಂಟನ್ನು ಉದ್ದ ಅಗಲ ಆಳ ಅಳೆದು ಒಂದು ಹಾಳೆಯಲ್ಲಿ ಬರೆಯುತ್ತಿದ್ದರು. ಹೋದ ತಿಂಗಳ ಅಂಕಿಯನ್ನು ಅಳತೆ ಮುಗಿಯುವವರೆಗೂ ನೋಡುತ್ತಿರಲಿಲ್ಲ. ಯಾಕೆ ಎಂದರೆ, "ಮದಲ ನೋಡಿದ್ರ ಕೈ ತಾನ ಕಡಿಮಿ ಅಳಿತೈತ್ರಿ ಟೀಚರ್" ಎಂದರು. ಅವತ್ತಿನಿಂದ ಅವರ ಮೇಲೆ ನನಗೆ ಗೌರವ ಬಂತು. ನನ್ನ ಕ್ಲಾಸಿನಲ್ಲಿದ್ದಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದೆ.

ಮೊದಲ ಭೇಟಿಯಲ್ಲಿ ಗಂಟು ಸ್ವಲ್ಪ ಇಳಿದಿತ್ತು, ಎರಡನೆಯದರಲ್ಲಿ ಇನ್ನೂ ಸ್ವಲ್ಪ. ಮೂರನೇ ತಿಂಗಳು ಹಳೆಯದರ ಪಕ್ಕ ಹೊಸದೊಂದು ಎದ್ದಿತು. ನನಗಿಂತ ಮೊದಲು ಈರಣ್ಣನ ಬೆರಳಿಗೆ ಸಿಕ್ಕಿತು. ಅವರು ನನ್ನ ಬೆರಳನ್ನು ಹಿಡಿದು ಅದರ ಮೇಲಿಟ್ಟು, ಆಮೇಲೆ ಪಟ್ಟಿ ಕಟ್ಟಿದರು. ಬಸ್ಸಿನಲ್ಲಿ ಹೋಗುವಾಗ ಕಾಯಬೇಕು ಎಂದಿದ್ದ ಆ ಐದು ಮಂದಿ ವೈದ್ಯರನ್ನು ನಾನು ಮನಸಾರೆ ಬೈದೆ. ಮೂರು ತಿಂಗಳು ವ್ಯರ್ಥ, ಅಂದೇ ತೆಗೆಸಿದ್ದರೆ ಇಷ್ಟೊತ್ತಿಗೆ ಗಾಯ ಮಾಯ್ದಿರುತ್ತಿತ್ತು, ಇಲ್ಲವೇ ಟಿ.ಬಿ. ಗುಳಿಗೆ ಅರ್ಧ ಮುಗಿದಿರುತ್ತಿತ್ತು ಎಂದುಕೊಂಡೆ.

ವೀಣಾ ಡಾಕ್ಟರು, ನಾ ಅವತ್ತೇ ಹೇಳಿದ್ದೆ ಎನ್ನಬಹುದಿತ್ತು. ಅನ್ನಲಿಲ್ಲ. ಅದೇ ದಿನ ಎರಡು ಕಡೆಯಿಂದ ಚೂರು ತೆಗೆದರು. ನರ್ಸಮ್ಮ ನನ್ನ ಕೈ ಹಿಡಿದು, ಸಿರಿ ಏನೇನು ತಿನ್ನುತ್ತಾಳೆ ಎಂದು ಉದ್ದಕ್ಕೂ ಕೇಳುತ್ತಿದ್ದಳು. ಚೂರುಗಳನ್ನು ಟಿ.ಬಿ.ಗೂ ಕ್ಯಾನ್ಸರಿಗೂ ಮತ್ತೆ ಪೂರ್ತಿ ಪರೀಕ್ಷೆಗೆ ಕಳಿಸಿದರು. ಈ ಸಲ ಕಾಯುವುದು ಮೊದಲಿಗಿಂತ ಕಷ್ಟವಾಯಿತು. ಮೊದಲ ಸಲ ಏನೂ ಗೊತ್ತಿರಲಿಲ್ಲ, ಈ ಸಲ ಎಲ್ಲ ಗೊತ್ತಿತ್ತು.

ಫಲಿತಾಂಶ ಅವರೇ ಫೋನ್ ಮಾಡಿ ಹೇಳಿದರು. ನಾನು ಸ್ಟಾಫ್ ರೂಮಿನಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದೆ. "ಟೀಚರ್, ಟಿ.ಬಿ. ಇಲ್ಲ. ಕ್ಯಾನ್ಸರೂ ಇಲ್ಲ. ಮದಲಿನದ ಐತಿ. ಅವರ ಮಾತ ಖರೇ ಆತು, ನಂದು ತಪ್ಪಾತು" ಎಂದು ನಕ್ಕರು. ಆ ನಗುವಿನಲ್ಲಿ ಸೋತವರ ಗುರುತೇ ಇರಲಿಲ್ಲ. ಕೈಯಲ್ಲಿದ್ದ ಪತ್ರಿಕೆಯ ಹುಡುಗನಿಗೆ ಆ ದಿನ ಹಂತ ಬರೆಯದಿದ್ದರೂ ಪೂರ್ತಿ ಅಂಕ ಹಾಕಿದೆ. ಅವನಿಗೆ ಇವತ್ತಿಗೂ ಕಾರಣ ಗೊತ್ತಿಲ್ಲ.

ಆರು ಮಂದಿ ಮತ್ತೊಮ್ಮೆ ಕೂಡಿ, ಒಂದು ಗುಳಿಗೆಯನ್ನು ಕಡಿಮೆ ಪ್ರಮಾಣದಲ್ಲಿ ಕೆಲವು ತಿಂಗಳು ಕೊಡೋಣ ಎಂದು ನಿರ್ಣಯಿಸಿದರು. ಈರಣ್ಣ ಊರಿಗೆ ಫೋನ್ ಮಾಡಿ ಹೇಳಿದಾಗ ಮಾವನ ಮೊದಲ ಪ್ರಶ್ನೆ ಅದೇ: "ಯಾರು ಒಪ್ಪಲಿಲ್ಲ?" ಈ ಸಲ ಎಲ್ಲರೂ ಒಪ್ಪಿದ್ದಾರೆ ಎಂದರೆ ಅವರಿಗೆ ಅನುಮಾನ. ಕೊನೆಗೆ, ಕಾವಲು ವೀಣಾ ಡಾಕ್ಟರದ್ದೇ ಮುಂದುವರಿಯುತ್ತದೆ ಎಂದ ಮೇಲೆ ಫೋನ್ ಇಟ್ಟರು.

ಗಾಯ ಮುಚ್ಚಲು ಹನ್ನೊಂದು ತಿಂಗಳು ಹಿಡಿಯಿತು. ಎದೆಯ ಮೇಲೆ ಎರಡು ಕುಳಿಗಳಿವೆ, ಆಕಾರ ಸ್ವಲ್ಪ ಸೊಟ್ಟಗಿದೆ, ಆದರೆ ನನ್ನದೇ ಎದೆ ನನ್ನ ಬಳಿ ಇದೆ. ಮತ್ತೆ ಬರಬಹುದು ಎಂದು ಹೇಳಿದ್ದಾರೆ. ಬಂದರೆ ಎಲ್ಲಿಗೆ ಹೋಗಬೇಕೆಂದು ಗೊತ್ತು. ಇದನ್ನು ಓದುತ್ತಿರುವ ಯಾರಾದರೂ ಹೆಂಗಸಿಗೆ ಇಂಥದೇ ಕಾಗದ ಕೈಯಲ್ಲಿದ್ದರೆ ಹೇಳುತ್ತೇನೆ: ನನ್ನ ಹಾಗೆ ಕಾಯಿರಿ ಎಂದು ನಾನು ಹೇಳಲಾರೆ, ನಾನು ಡಾಕ್ಟರಲ್ಲ. ಕೂಡಿ ಹೇಳಿದ ಮಾತನ್ನು ನಂಬಿ. ಆದರೆ ಅದರಲ್ಲಿ ಒಪ್ಪದವರು ಯಾರು, ಯಾಕೆ ಎಂದು ಕೇಳಿ. ಕೇಳಿದ್ದಕ್ಕೆ ಒಳ್ಳೆಯ ವೈದ್ಯರು ಸಿಟ್ಟಾಗುವುದಿಲ್ಲ.

ಕೊನೆಯ ತಪಾಸಣೆಯ ಮರುದಿನ ಭಾನುವಾರ ಊರಿಗೆ ಹೋದೆವು. ಬೆಳಗಿನ ಬಿಸಿಲಲ್ಲಿ ಮಾವ ಅಂಗಳದಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದರು. ಕಾಲು ಮುಟ್ಟಿ, "ಪೂರಾ ಆರಾಮಾತ್ರಿ ಮಾವಾರ" ಎಂದೆ. ಅವರು ತಲೆಯಾಡಿಸಿದರು. ನಾನು ಹೇಳಬೇಕೆಂದುಕೊಂಡಿದ್ದ ಮಾತು ಹೇಳಿದೆ: "ನಮ್ಮೂರ ಹಿಂದಿನವರು ಶ್ಯಾಣ್ಯಾರಿದ್ರು ನೋಡ್ರಿ. ಒಪ್ಪದವರನ್ನ ಕಾವಲ ಹಾಕೂ ಪದ್ಧತಿ ಮಾಡ್ಯಾರ."

ಕಟ್ಟೆಯ ಮೇಲಿದ್ದ ಭೀಮಪ್ಪ ಕಾಕಾ, "ಹಿಂದಿನವರದೇನ ಅಲ್ಲವಾ ಅದು. ನಿಮ್ಮಾವ ದೈವಕ್ಕ ಕೂತ ಮ್ಯಾಲ ಹಟ ಹಿಡದು ಚಾಲೂ ಮಾಡಿದ್ದು" ಎಂದು, ಎದ್ದು ತಮ್ಮ ಮನೆಯ ಕಡೆ ನಡೆದರು.

ಮಾವ ಹಗ್ಗ ಹೊಸೆಯುತ್ತಲೇ ಇದ್ದರು. ಕಾಕಾ ಮರೆಯಾದ ಮೇಲೆ, ನನ್ನ ಮುಖ ನೋಡದೆ ಹೇಳಿದರು:

"ಗಂಗಕ್ಕಗ ಹೊಟ್ಟಿಬ್ಯಾನಿ ಇರಲಿಲ್ಲ ತಂಗಿ. ಎದಿಯಾಗ ಗಂಟಾಗಿತ್ತು."

ಆ ಶಬ್ದ ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

"ಮನ್ಯಾಗಿನ ಗಂಡಸರು ಕುಂತು ಮಾತಾಡಿದ್ರು. ಗಂಡಸ ಡಾಕ್ಟರ ಮುಟ್ಟಬಾರದು, ಊರಾಗ ಗೊತ್ತಾಗಬಾರದು, ದವಾಖಾನಿ ಬ್ಯಾಡ ಅಂದ್ರು. ಎಲ್ಲಾರೂ ಒಪ್ಯಾರ ಅಂತ ನಮ್ಮಪ್ಪ ಅವ್ವಗ ಹೇಳಿದ. ನಾ ಅಲ್ಲೇ ಕಂಬಕ್ಕ ಒರಗಿ ಕುಂತಿದ್ದೆ. ಹದಿನೆಂಟ ವರ್ಷದಾಂವ. ನಾ ಒಪ್ಪಿರಲಿಲ್ಲ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಎಂಟ ತಿಂಗಳು ನರಳಿದ್ಲು."

ಸಿರಿ ಹಿತ್ತಲಿಂದ ಓಡಿಬಂದಳು, ಒಂದು ಮೊಳ ದೂರದಲ್ಲಿ ಅಭ್ಯಾಸದಂತೆ ನಿಂತಳು. ಬಾ ಎಂದು ಎರಡೂ ಕೈ ಚಾಚಿದೆ. ಬಂದು ಎದೆಗೆ ಡಿಕ್ಕಿ ಹೊಡೆದಳು. ನೋಯಲಿಲ್ಲ. ಅವಳ ತಲೆಯ ಮೇಲೆ ಕೈಯಿಟ್ಟುಕೊಂಡು ಮಾವನನ್ನು ಕೇಳಿದೆ:

"ಯಾರರ ಕೇಳಿದ್ರ ಏನ ಹೇಳತಿದ್ರಿ?"

ಹಗ್ಗ ಹೊಸೆಯುತ್ತಿದ್ದ ಕೈ ನಿಂತಿತು.

"ದವಾಖಾನಿಗಿ ಬಂಡಿ ಹೂಡತೇನಿ ಅಂತಿದ್ದೆ" ಎಂದರು.